ಕೆ.ಬಿ. ಕ್ರಾಸಿನಿಂದಾಚೆ, ಒಂಬತ್ತೂವರೆಯ ಆರಾಧನೆ

ತುಮಕೂರಿನಿಂದ ತಿಪಟೂರಿನ ಬಸ್ಸು ಹಿಡಿದರೆ ಗುಬ್ಬಿ, ನಿಟ್ಟೂರು ಕಳೆದ ಮೇಲೆ ಕೆ.ಬಿ. ಕ್ರಾಸ್ ಸಿಗುತ್ತದೆ. ಕಿಬ್ಬನಹಳ್ಳಿ ಎಂಬ ಪೂರ್ತಿ ಹೆಸರು ಹೇಳುವವರು ಕಡಿಮೆ. ಎಡಕ್ಕೆ ಹೊರಳಿದರೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ, ನೆಟ್ಟಗೆ ಹೋದರೆ ತಿಪಟೂರು. ಯಾವ ದಾರಿ ಹಿಡಿದರೂ ಕಿಟಕಿಯಲ್ಲಿ ಕಾಣುವುದು ತೆಂಗೇ. ತೋಟದ ಮನೆಗಳ ಅಟ್ಟದಲ್ಲಿ ಕಾಯಿ ಹತ್ತು ಹನ್ನೊಂದು ತಿಂಗಳು ಅಲುಗದೆ ಕೂತು, ಒಳಗಿನ ನೀರೆಲ್ಲ ಹೀರಿಕೊಂಡು ಉಂಡೆ ಕೊಬ್ಬರಿಯಾಗುವ ಸೀಮೆ ಇದು. ಮಳೆಗಿಂತ ಹೆಚ್ಚಾಗಿ ಕೊಬ್ಬರಿ ರೇಟಿನ ಮಾತು ಕೇಳಿಸುತ್ತದೆ.

ಇಲ್ಲಿ ದೇವಸ್ಥಾನ ನೋಡಲು ಬರುವವರಿಗೆ ದಾರಿ ತೋರಿಸಲು ಜನ ಬೇಕಾದಷ್ಟಿದ್ದಾರೆ. ತುರುವೇಕೆರೆಯಲ್ಲಿ ಗಂಗಾಧರೇಶ್ವರನ ಮುಂದಿನ ಕನ್ನಡಿಯಂತೆ ನಯವಾದ ಕರಿಕಲ್ಲ ನಂದಿ, ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ, ತಿಪಟೂರಿನಲ್ಲಿ ಕೆಂಪಮ್ಮ, ಸ್ವಲ್ಪ ಆಚೆ ಎಡೆಯೂರಿನ ಸಿದ್ಧಲಿಂಗೇಶ್ವರ. ಚರ್ಚ್ ಎಲ್ಲಿದೆ ಎಂದು ಕೇಳಿದರೆ ಮಾತ್ರ ಬಸ್ ನಿಲ್ದಾಣದ ಟೀ ಅಂಗಡಿಯವರು ಒಂದು ಗಳಿಗೆ ಯೋಚಿಸುತ್ತಾರೆ. ಆಮೇಲೆ, "ಓ, ಪಾದ್ರಿ ಕಾಂಪೌಂಡಾ?" ಅನ್ನುತ್ತಾರೆ. ಅದೇ ಸರಿಯಾದ ವಿಳಾಸ.

ನಾನು ಹೋದ ಸಭೆಯ ಊರನ್ನು ಇಲ್ಲಿ ಹೇಳುತ್ತಿಲ್ಲ. ಹಿರಿಯರೊಬ್ಬರು ಕೇಳಿಕೊಂಡರು: "ಬರೀರಿ, ಬೇಡ ಅನ್ನಲ್ಲ. ಊರ ಹೆಸರೊಂದು ಬಿಟ್ಬಿಡಿ. ಈ ಕಾಲದಲ್ಲಿ ಯಾಕೆ ಸುಮ್ಮನೆ." ಕ್ರಾಸಿನಿಂದ ಹೊರಡುವ ಮೂರು ರಸ್ತೆಗಳಲ್ಲಿ ಒಂದರ ಮೇಲಿದೆ ಎಂದುಕೊಂಡರೆ ಸಾಕು. ನಲವತ್ತು ಐವತ್ತು ಮನೆಗಳ ಸಭೆ, ಒಂದೇ ಹಜಾರದ ಕಟ್ಟಡ, ಮಂಗಳೂರು ಹೆಂಚು, ಹಿಂದೆ ಅಯ್ಯನವರ, ಅಂದರೆ ಪಾದ್ರಿಗಳ, ಮನೆ, ಅದರ ಹಿಂದೆ ಏಳೆಂಟು ತೆಂಗಿನ ಮರ. ಗೇಟಿನ ಮೇಲೆ ಶಿಲುಬೆ, ಅದರ ಸುತ್ತ ತಾವರೆ ಎಸಳು. ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ ಗುರುತು ಅದು. ಆ ಗುರುತು ಕಂಡ ಕಡೆ ಒಳಗೆ ನಡೆಯುವ ಆರಾಧನೆಯ ಬೇರು ಇಂಗ್ಲೆಂಡಿನ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದವರೆಗೂ ಹೋಗುತ್ತದೆ. ಹೋಗುವ ದಾರಿ ಮಾತ್ರ ಬಹಳ ಸುತ್ತು. ಆ ಸುತ್ತು ತಿಳಿಯದೆ ಒಳಗೆ ಹೋದರೆ ಅರ್ಧ ಸಂಗತಿ ಅರ್ಥವಾಗುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ನಿಜವಾದ ಆಂಗ್ಲಿಕನ್ ಚರ್ಚುಗಳಿದ್ದದ್ದು ಹೆಚ್ಚಾಗಿ ದಂಡಿನವರಿಗೆ, ದೊರೆಗಳಿಗೆ, ಕಾಫಿ ತೋಟದ ಸಾಹೇಬರಿಗೆ. ಬೆಂಗಳೂರು ದಂಡಿನ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ, ಆಚೆ ಚಿಕ್ಕಮಗಳೂರು, ಸಂಸ್ಥಾನದ ಗಡಿ ದಾಟಿದರೆ ಕೊಡಗಿನ ಮಡಿಕೇರಿ. ತೆಂಗಿನ ತೋಟದ ನಡುವೆ ಕನ್ನಡದಲ್ಲಿ ಬೋಧಿಸಲು ಬಂದವರು ಅವರಲ್ಲ, ವೆಸ್ಲಿಯನ್ ಮೆಥಡಿಸ್ಟರು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದ. ಅಡಿಕೆ, ತೆಂಗು, ಬಟ್ಟೆಯ ವ್ಯಾಪಾರಕ್ಕೆ ಹೆಸರಾದ, ಸುತ್ತಣ ಸೀಮೆಯೆಲ್ಲ ಸಂತೆಗೆ ಸೇರುವ ಊರು. ಬೋಧಿಸುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಎರಡು ವರ್ಷದ ನಂತರ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಐರಿಷ್ ಹುಡುಗ ಅಲ್ಲಿಗೆ ಬಂದ. ಕನ್ನಡ ಕಲಿತ, ಸಂತೆಯಲ್ಲಿ ಮಾತಾಡಿದ, ಕಣ್ಣಿನ ಆರೋಗ್ಯ ಕೆಟ್ಟು 1841ರಲ್ಲಿ ಊರಿಗೆ ಮರಳಿದ. 1847ರಲ್ಲಿ ಲಂಡನ್ನಿನಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕ ಅಚ್ಚುಹಾಕಿಸಿದ. ಗುಬ್ಬಿ ಎಂದೊಡನೆ ನಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ವೀರಣ್ಣನವರು ಹುಟ್ಟುವುದಕ್ಕೆ ದಶಕಗಳ ಮೊದಲೇ ಗುಬ್ಬಿಯ ಹೆಸರು ಇಂಗ್ಲೆಂಡಿನ ಭಕ್ತರ ಮನೆಗಳಲ್ಲಿ ಓದಿನ ಪುಸ್ತಕದೊಳಗೆ ಸೇರಿಹೋಗಿತ್ತು.

ಆ ಕಾಲದಲ್ಲಿ ಈ ಸೀಮೆಯ ಆಡಳಿತ ನೋಡುತ್ತಿದ್ದವನು ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಡಾಬ್ಸ್. ಬೆಂಗಳೂರು–ತುಮಕೂರು ರಸ್ತೆಯ ಡಾಬಸ್‌ಪೇಟೆಗೆ ಹೆಸರು ಬಂದದ್ದು ಅವನಿಂದಲೇ. ದೊರೆಯೂ ದೈವಭಕ್ತ, ಪಾದ್ರಿಗಳೂ ಹುರುಪಿನವರು. ಆದರೂ ಜನ ಸಾಲುಗಟ್ಟಿ ಬಂದು ಸೇರಲಿಲ್ಲ. ಗುಬ್ಬಿ ಸುತ್ತಿನ ಕೆಲಸದ ಬಗ್ಗೆ ಹಾಡ್ಸನ್ 1877ರಲ್ಲಿ 'ಓಲ್ಡ್ ಡೇನಿಯಲ್' ಎಂಬ ಪುಸ್ತಕ ಬರೆದ. ಅದರ ನಡುಬಿಂದು ಒಬ್ಬನೇ ಒಬ್ಬ ಹಳ್ಳಿಗ. ನಲವತ್ತು ವರ್ಷದ ದುಡಿಮೆಯ ಕಥೆ ಹೇಳಲು ಒಬ್ಬ ಮುದುಕನ ಬದುಕನ್ನು ಆರಿಸಿಕೊಂಡಿದ್ದರಲ್ಲೇ ಲೆಕ್ಕವೆಲ್ಲ ಇದೆ ಎಂದು ನನಗನ್ನಿಸುತ್ತದೆ. ಅದೇ ಹೊತ್ತಿಗೆ, 1876ರಿಂದ 78ರವರೆಗೆ, ದೊಡ್ಡ ಬರ ಬಂತು. ವೆಸ್ಲಿಯನ್ನರು ತುಮಕೂರಿನಲ್ಲೂ ಹಾಸನದಲ್ಲೂ ಅನಾಥಾಲಯ ನಡೆಸಿದರು. ಈ ಭಾಗದ ಹಳೆಯ ಕ್ರೈಸ್ತ ಮನೆಗಳಲ್ಲಿ ವಂಶದ ಕಥೆ ಕೇಳುತ್ತ ಹೋದರೆ ಎಲ್ಲೋ ಒಂದು ಕಡೆ "ನಮ್ಮ ಮುತ್ತಜ್ಜ ಬರದಲ್ಲಿ ಸಿಕ್ಕಿದ ಮಗುವಂತೆ" ಎಂಬ ಮಾತು ಬರುತ್ತದೆ. ಮುಂದೆ ಕೇಳಲು ಮನಸ್ಸಾಗುವುದಿಲ್ಲ.

ಮೆಥಡಿಸ್ಟ್ ಎಂದ ಮೇಲೆ ಆಂಗ್ಲಿಕನ್ ಹೇಗೆ? ಜಾನ್ ವೆಸ್ಲಿ 1791ರಲ್ಲಿ ಸಾಯುವತನಕ ಇಂಗ್ಲೆಂಡ್ ಚರ್ಚಿನ ಪಾದ್ರಿಯೇ ಆಗಿದ್ದ. ಅವನ ಹಿಂದೆ ಹೋದವರು ಮನೆ ಬಿಟ್ಟು ಬೇರೆ ಒಲೆ ಹೂಡಿದರು, ಪ್ರಾರ್ಥನಾ ಪುಸ್ತಕದ ವಾಸನೆಯನ್ನು ಮಾತ್ರ ಕೈಬಿಡಲಿಲ್ಲ. ಬೇರೆಯಾದವರು ಮತ್ತೆ ಒಂದೇ ಮನೆಗೆ ಬಂದದ್ದು ನಮ್ಮ ದಕ್ಷಿಣ ಭಾರತದಲ್ಲಿ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಯಿತು. ಮುಂದಾಳಾಗಿ ನಿಂತವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅಜರಯ್ಯ. ಬಿಷಪ್ಪರು ಬೇಕೋ ಬೇಡವೋ, ಬೇಕಾದರೆ ಈಗಾಗಲೇ ಇರುವ ಮೆಥಡಿಸ್ಟ್ ಪಾದ್ರಿಗಳಿಗೆ ಮತ್ತೆ ಅಭಿಷೇಕ ಮಾಡಬೇಕೋ ಎಂಬ ಜಗ್ಗಾಟ ಇಪ್ಪತ್ತೆಂಟು ವರ್ಷ ನಡೆಯಿತು. ಅಜರಯ್ಯನವರು 1945ರ ಮೊದಲ ದಿನವೇ ತೀರಿಕೊಂಡರು, ಐಕ್ಯವನ್ನು ನೋಡಲಿಲ್ಲ. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಅದಕ್ಕೂ ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್–ಕಾಂಗ್ರಿಗೇಷನಲ್ ಸಭೆಗಳು ಕೂಡಿದವು. ಬಿಷಪ್ ಇರುವವರೂ ಇಲ್ಲದವರೂ ಹೀಗೆ ಒಂದಾದದ್ದು ಜಗತ್ತಿನಲ್ಲಿ ಅದೇ ಮೊದಲು.

ಇದು ಹುಚ್ಚಾಟ ಎಂದು ಬರೆದವರಲ್ಲಿ ಟಿ.ಎಸ್. ಎಲಿಯಟ್ ಒಬ್ಬ. 1943ರಲ್ಲಿ 'ರೀಯೂನಿಯನ್ ಬೈ ಡಿಸ್ಟ್ರಕ್ಷನ್' ಎಂಬ ಕಿರುಹೊತ್ತಗೆಯನ್ನೇ ಹೊರತಂದ. ನಮ್ಮ ನವ್ಯರು ತಲೆಯ ಮೇಲಿಟ್ಟುಕೊಂಡ ಕವಿ, ನಮ್ಮ ತೆಂಗಿನ ತೋಟದ ಸಭೆಗಳು ಯಾವ ಬಿಷಪ್ಪರ ಕೆಳಗೆ ಬರಬೇಕು ಎಂಬುದಕ್ಕೆ ಲಂಡನ್ನಿನಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದ! ಅವನ ಮಾತು ಇಲ್ಲಿ ಯಾರೂ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಆದರೆ ಇಂಗ್ಲೆಂಡಿನ ಚರ್ಚು ದಕ್ಷಿಣ ಭಾರತ ಸಭೆಯನ್ನು ಪೂರ್ತಿಯಾಗಿ ತನ್ನವರೆಂದು ಒಪ್ಪಲು ದಶಕಗಳನ್ನೇ ತೆಗೆದುಕೊಂಡಿತು. ಹೀಗೆ ತೆಂಗಿನ ಸೀಮೆಗೆ ಆಂಗ್ಲಿಕನ್ ಪದ್ಧತಿ ಬಂದದ್ದು ಹಿತ್ತಿಲ ಬಾಗಿಲಿಂದ: ಕಟ್ಟಿದವರು ಮೆಥಡಿಸ್ಟರು, ಬಿಷಪ್ಪರು ಬಂದದ್ದು ಆಮೇಲೆ. ಮೊದಲು ಮೈಸೂರು ಸಭಾಪ್ರಾಂತ, 1970ರಲ್ಲಿ ಅದು ಮೂರು ಪಾಲಾದ ಮೇಲೆ ಬೆಂಗಳೂರಿನಿಂದ ನಡೆಯುವ ಕರ್ನಾಟಕ ಸೆಂಟ್ರಲ್.

ಈಗ ಒಳಗೆ ಹೋಗೋಣ.

ಒಂಬತ್ತೂವರೆ ಎಂದು ಹಲಗೆಯಲ್ಲಿದೆ. ಒಂಬತ್ತಕ್ಕೆ ಮೊದಲ ಗಂಟೆ. ಅದು ಜನ ಬರಲಿ ಎಂದು ಹೊಡೆಯುವುದಲ್ಲ, ಮನೆಯಿಂದ ಹೊರಡಲಿ ಎಂದು. ಒಂಬತ್ತೂವರೆಯದು ಎರಡನೆಯದು. ಚಪ್ಪಲಿ ಮೆಟ್ಟಿಲ ಬಳಿ ಬಿಡಬೇಕು; ದೊಡ್ಡ ನಗರದ ಚರ್ಚುಗಳಲ್ಲಿ ಬೂಟಿನಲ್ಲೇ ಹೋಗುವ ಅಭ್ಯಾಸವಿದ್ದವರು ಇಲ್ಲಿ ಒಮ್ಮೆ ಸುತ್ತ ನೋಡುವುದು ಒಳ್ಳೆಯದು. ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ. ಹೊಸದಾಗಿ ಮದುವೆಯಾದ ಜೋಡಿಗಳು ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂರುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ಯಾರೂ ಗಮನಿಸದೆಯೂ ಇರುವುದಿಲ್ಲ. ಮಕ್ಕಳಿಗೆ ಮುಂದುಗಡೆ ಚಾಪೆ.

ಹೊಸಬರು ಬಾಗಿಲಲ್ಲಿ ಹಾರ, ಪಾನಕ, ಭಾಷಣ ನಿರೀಕ್ಷಿಸಬೇಕಿಲ್ಲ. ನನ್ನನ್ನು ಕಂಡು ಸೆರಗು ಹೊದ್ದ ಅಜ್ಜಿಯೊಬ್ಬರು, "ಯಾವೂರಾಯ್ತಪ್ಪ?" ಎಂದರು. ಹೇಳಿದೆ. "ಯಾರ ಮನೆಗೆ ಬಂದಿದ್ದು?" ಯಾರ ಮನೆಗೂ ಅಲ್ಲ ಎಂದದ್ದು ಅವರಿಗೆ ಸಮಾಧಾನ ತರಲಿಲ್ಲ. ಇಂಥ ಸಭೆಗೆ ಯಾರ ಮನೆಗೂ ಅಲ್ಲದೆ ಬರುವವರು ಅಪರೂಪ. ಬ್ಯಾಂಕಿಗೋ ಶಾಲೆಗೋ ವರ್ಗವಾಗಿ ಬಂದವರು, ಆಸ್ಪತ್ರೆಯ ನರ್ಸುಗಳು, ಮದುವೆಯಾಗಿ ಬಂದ ಸೊಸೆಯರು, ಇವರೇ ಇಲ್ಲಿಯ ಹೊಸಬರು. ನಿವೃತ್ತ ಮೇಷ್ಟ್ರೊಬ್ಬರು ಸರಿದು ಜಾಗ ಕೊಟ್ಟರು. ಆಮೇಲೆ ಆರಾಧನೆ ಮುಗಿಯುವವರೆಗೆ ಅವರು ನನ್ನೊಡನೆ ಆಡಿದ ಮಾತುಗಳೆಲ್ಲ ಸಂಖ್ಯೆಗಳೇ. ಪುಟ ಇಷ್ಟು, ಹಾಡು ಇಷ್ಟು. ಪುಸ್ತಕವನ್ನು ತಾವೇ ಬಿಚ್ಚಿ, ಓದಬೇಕಾದ ಸಾಲಿನ ಕೆಳಗೆ ಬೆರಳಿಟ್ಟು ಕೊಡುತ್ತಿದ್ದರು.

ಈ ಸಂಪ್ರದಾಯವನ್ನು ಅರಿಯಲು ಆ ಬೆರಳು ಸಾಕು. ಮೈಕು ಹಿಡಿದು, ಕಣ್ಣೀರು ತರಿಸಿ, ಕೈ ಎತ್ತಿಸುವ ಆರಾಧನೆಯನ್ನು ಟಿವಿಯಲ್ಲಿ ನೋಡಿ ಬಂದವರಿಗೆ ಇಲ್ಲಿ ಸಪ್ಪೆ ಎನ್ನಿಸಬಹುದು. ಇಲ್ಲಿ ಅಯ್ಯನವರು ಹೇಳುವುದೂ ಪುಸ್ತಕದಲ್ಲಿದೆ, ಜನ ಮರುನುಡಿಯುವುದೂ ಪುಸ್ತಕದಲ್ಲಿದೆ. ನಿಮ್ಮ ಮನಸ್ಸು ಆವತ್ತು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನಂಬಿಕೆ ಇದ್ದವನೂ, ಇದೆಯೋ ಇಲ್ಲವೋ ತಿಳಿಯದವನೂ, ಹೆಂಡತಿಯ ಕಾಟಕ್ಕೆ ಬಂದವನೂ ಅದೇ ಸಾಲನ್ನು ಅದೇ ದನಿಯಲ್ಲಿ ಹೇಳುತ್ತಾರೆ. ನನ್ನಂಥ ಹೊರಗಿನವನಿಗೆ ಇದಕ್ಕಿಂತ ದೊಡ್ಡ ಉಪಚಾರ ಕಾಣೆ.

ನಾನು ಹೋದದ್ದು ಸಂಸ್ಕಾರದ ಭಾನುವಾರ, ಅಂದರೆ ರೊಟ್ಟಿ–ದ್ರಾಕ್ಷಾರಸ ಹಂಚುವ ದಿನ. ಪ್ರತಿ ವಾರ ಹಾಗಿರುವುದಿಲ್ಲ. ಒಬ್ಬ ಅಯ್ಯನವರಿಗೆ ಮೂರು ನಾಲ್ಕು ಊರು. ಅವರು ಬೇರೆ ಕಡೆ ಹೋದ ವಾರ ಉಪದೇಶಿಯೋ ಹಿರಿಯರೋ ನಿಂತು ಬೆಳಗಿನ ಪ್ರಾರ್ಥನೆ ನಡೆಸಿ ಮುಗಿಸುತ್ತಾರೆ. ಸಂಸ್ಕಾರ ಇದ್ದರೆ ಎರಡು ಗಂಟೆ ಹಿಡಿದೀತು. ಅಯ್ಯನವರು ಬಿಳಿ ನಿಲುವಂಗಿ, ಹೆಗಲಿಂದ ಇಳಿಬಿಟ್ಟ ಕಾವಿ ಪಟ್ಟಿಯಲ್ಲಿ ಬರುತ್ತಾರೆ. ಎಲ್ಲರೂ ಏಳುತ್ತಾರೆ. ಒಂದು ಹಾಡು. ಆಮೇಲೆ ಹೃದಯ ಶುದ್ಧಿಗಾಗಿ ಒಂದು ಚಿಕ್ಕ ಪ್ರಾರ್ಥನೆ. ಇಂಗ್ಲಿಷಿನಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ 1549ರ ಪ್ರಾರ್ಥನಾ ಪುಸ್ತಕಕ್ಕೆ ಸೇರಿಸಿದ್ದು, ಅದಕ್ಕೂ ಹಳೆಯ ಲ್ಯಾಟಿನ್ನಿನಿಂದ ತಂದದ್ದು. ಅದೀಗ ತಿಪಟೂರು ಸೀಮೆಯ ರಾಗದ ಕನ್ನಡದಲ್ಲಿ, 'ಹ'ಕಾರಗಳೆಲ್ಲ ಅರ್ಧ ತೇಲಿಹೋಗಿ ಕೇಳಿಸುತ್ತದೆ.

ಬಳಿಕ ಮೊಣಕಾಲೂರಿ ಪಾಪನಿವೇದನೆ. ಊರಲಾರದ ವಯಸ್ಸಾದವರು ಮುಂದಿನ ಬೆಂಚಿಗೆ ಹಣೆಯಾನಿಸಿ ಕೂರುತ್ತಾರೆ. ನೀವೂ ಹಾಗೆ ಮಾಡಬಹುದು. ಮೂರು ಪಾಠಗಳ ಓದು: ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆ. ಮೊದಲೆರಡನ್ನು ಸಭೆಯವರೇ ಓದಿದರು. ಆ ದಿನ ಒಬ್ಬ ಪಿಯುಸಿ ಹುಡುಗಿ ಓದಿದ ಪಾಠದಲ್ಲಿ ಹೀಬ್ರೂ ಹೆಸರುಗಳ ದೊಡ್ಡ ಸಾಲೇ ಇತ್ತು. ಒಂದನ್ನೂ ಎಡವದೆ ದಾಟಿದಳು. ಮುಗಿದಾಗ ಅವಳ ಅಪ್ಪನ ಮುಖ ನೋಡಬೇಕಿತ್ತು. ಸುವಾರ್ತೆಗೆ ಎಲ್ಲರೂ ಎದ್ದು ನಿಲ್ಲಬೇಕು.

ಪ್ರಸಂಗ ಉದ್ದವಾಯಿತು. ಇದು ಮೆಥಡಿಸ್ಟ್ ರಕ್ತ. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಹದಿನೈದು ನಿಮಿಷಕ್ಕೆ ಮುಗಿಸುವುದನ್ನು ನಮ್ಮವರು ಮುಕ್ಕಾಲು ಗಂಟೆಗೆ ಎಳೆಯುತ್ತಾರೆ. ಬಿತ್ತುವವನ ಸಾಮ್ಯವನ್ನು ಎತ್ತಿಕೊಂಡಿದ್ದರು. ರಾಗಿ ಹೊಲದ ಉದಾಹರಣೆ ಬರುವವರೆಗೂ ಜನ ಎಚ್ಚರವಿದ್ದರು. ಆಮೇಲೆ ಅದು ದೇಶದ ಸ್ಥಿತಿ, ಯುವಕರ ಮೊಬೈಲು, ಸಭೆಯ ಬಾಕಿ ಚಂದಾ ಎಂದು ಹರಿದಾಡಿತು. ಮೇಷ್ಟ್ರು ಕಣ್ಣು ಮುಚ್ಚಿ ಧ್ಯಾನದಲ್ಲಿದ್ದರು ಎಂದು ಬರೆಯುವುದು ಸೌಜನ್ಯ.

ನೈಸೀಯ ವಿಶ್ವಾಸಪ್ರಮಾಣ ಹೇಳಲು ಎಲ್ಲರೂ ನಿಂತಾಗ ಮಾತ್ರ ಹಜಾರದ ದನಿಯೇ ಬದಲಾಗುತ್ತದೆ. ಯಾರೂ ಪುಸ್ತಕ ನೋಡುವುದಿಲ್ಲ. ನಾಲ್ಕನೆಯ ಶತಮಾನದಲ್ಲಿ ಗ್ರೀಕ್ ಪಂಡಿತರು ಶಬ್ದಶಬ್ದಕ್ಕೂ ಹೊಡೆದಾಡಿ ಕಟ್ಟಿದ ವಾಕ್ಯಗಳನ್ನು ಕೊಬ್ಬರಿ ಸುಲಿಯುವ ಹೆಂಗಸರು ಬಾಯಿಪಾಠವಾಗಿ ಒಂದೇ ಲಯದಲ್ಲಿ ಒಪ್ಪಿಸುತ್ತಾರೆ. ಅರ್ಥವೆಲ್ಲ ಗೊತ್ತೇ ಎಂದು ಕೇಳುವುದು ಅಧಿಕಪ್ರಸಂಗ. ವಿಷ್ಣು ಸಹಸ್ರನಾಮ ಹೇಳುವವರನ್ನು ನಾವು ಹಾಗೆ ಕೇಳುತ್ತೇವೆಯೆ?

ಮುಂದಿನ ಭಾಗಕ್ಕೆ ಹೊಸಬರು ಸಿದ್ಧರಾಗಿರಬೇಕು, ಏಕೆಂದರೆ ಅಲ್ಲಿ ನಿಮ್ಮನ್ನು ಮುಟ್ಟುತ್ತಾರೆ. ಸಮಾಧಾನ ಹಂಚಿಕೊಳ್ಳುವುದು ಎಂದು ಅದರ ಹೆಸರು. ಅಯ್ಯನವರು ಮೇಜಿನ ಬಳಿಯಿಂದ ಶುರು ಮಾಡುತ್ತಾರೆ, ಅದು ಕೈಯಿಂದ ಕೈಗೆ ಸಾಗಿ ಕೊನೆಯ ಬೆಂಚಿಗೆ ಬರುತ್ತದೆ. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುವುದು ಹಳೆಯ ಕ್ರಮ. ಈಗ ಬಹಳ ಕಡೆ ಬರಿಯ ನಮಸ್ಕಾರವಾಗಿದೆ. ಕೊರೋನಾ ಬಂದ ಮೇಲೆ ಇನ್ನಷ್ಟು. ಇಲ್ಲಿ ಹಿರಿಯರು ಕೈ ಹಿಡಿಯುತ್ತಾರೆ, ಕಿರಿಯರು ಕೈ ಮುಗಿಯುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಪುರಾತನ ಸಭೆಯಲ್ಲಿದ್ದು ಪಶ್ಚಿಮದಲ್ಲಿ ಜನಸಾಮಾನ್ಯರ ನಡುವಿನಿಂದ ಮರೆಯಾಗಿದ್ದ ಈ ಪದ್ಧತಿಯನ್ನು ದಕ್ಷಿಣ ಭಾರತ ಸಭೆ 1950ರ ತನ್ನ ಆರಾಧನಾ ಕ್ರಮಕ್ಕೆ ಕೇರಳದ ಸಿರಿಯನ್ ಕ್ರೈಸ್ತರಿಂದ ತಂದುಕೊಂಡಿತು. ಅಯ್ಯನವರು ಜನಕ್ಕೆ ಬೆನ್ನು ಹಾಕದೆ ಮೇಜಿನ ಹಿಂದೆ ನಿಂತು ಮುಖ ತೋರಿಸುವುದೂ ಅದೇ ಕ್ರಮದ್ದು. 1979ರ ಅಮೆರಿಕದ ಪ್ರಾರ್ಥನಾ ಪುಸ್ತಕ, 1980ರ ಇಂಗ್ಲೆಂಡಿನದು, ಎರಡರಲ್ಲೂ ಸಮಾಧಾನದ ವಂದನೆ ಸೇರಿತು. ಎಲಿಯಟ್ ಹೆದರಿದ್ದ ನೀರು ಇಲ್ಲಿಂದ ಅಲ್ಲಿಗೆ ಹರಿಯಿತು.

ರೊಟ್ಟಿ ಎಂದರೆ ತೆಳ್ಳನೆಯ ಬಿಳಿ ಬಿಲ್ಲೆ. ದ್ರಾಕ್ಷಾರಸಕ್ಕೆ ಅಮಲಿಲ್ಲ, ಕಪ್ಪು ದ್ರಾಕ್ಷಿ ಬೇಯಿಸಿ ಸೋಸಿದ ರಸವನ್ನು ಅಯ್ಯನವರ ಮನೆಯ ಅಮ್ಮನವರೇ ಮಾಡುತ್ತಾರೆ. ಮದ್ಯಕ್ಕೆ ಮೆಥಡಿಸ್ಟರಿಗೆ ಇದ್ದ ಅಲರ್ಜಿ ಹಾಗೆ ಉಳಿದುಕೊಂಡಿದೆ. ದೀಕ್ಷಾಸ್ನಾನ, ದೃಢೀಕರಣ ಆದವರು ಮುಂದೆ ಹೋಗಿ ಮಂಡಿಯೂರುತ್ತಾರೆ. ಆಗದವರು ಕೂತಲ್ಲೇ ಕೂರಬಹುದು. ಮುಂದೆ ಹೋಗಿ ತಲೆ ತಗ್ಗಿಸಿದರೆ ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಕೂತೇ ಇದ್ದವರತ್ತ ಯಾರೂ ತಿರುಗಿ ನೋಡುವುದಿಲ್ಲ.

ಹಾಡಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇವರ ಕೈಯಲ್ಲಿ ಎರಡು ಬಗೆಯ ಹಾಡುಗಳಿವೆ. ಒಂದು, ಇಂಗ್ಲಿಷ್ ಧಾಟಿಗೆ ಕನ್ನಡ ಮಾತು ಕೂರಿಸಿದ್ದು. ಆರು ಸಾವಿರಕ್ಕೂ ಹೆಚ್ಚು ಹಾಡು ಬರೆದ ಚಾರ್ಲ್ಸ್ ವೆಸ್ಲಿಯವು ಇಲ್ಲಿ ಸಿಗುತ್ತವೆ. ಧಾಟಿ ಎತ್ತರಕ್ಕೇರಿದ ಕಡೆ ಕನ್ನಡದ ವಿಭಕ್ತಿ ಪ್ರತ್ಯಯ ಒಂಟಿಯಾಗಿ ನೇತಾಡುತ್ತದೆ. ಕೇಳಲು ಒಂದಿಷ್ಟು ತಾಳ್ಮೆ ಬೇಕು. ಇನ್ನೊಂದು ಬಗೆ ಕೀರ್ತನೆ. ಪಲ್ಲವಿ, ಚರಣ, ತಲೆಯಲ್ಲಿ ರಾಗ–ತಾಳ. ಕೀಬೋರ್ಡಿನ ಹುಡುಗ ಇಂಗ್ಲಿಷ್ ಧಾಟಿಯನ್ನು ಶಿಸ್ತಾಗಿ ನುಡಿಸಿದ. ಕೀರ್ತನೆ ಬಂದಾಗ ಅಜ್ಜಿಯರು ಅವನನ್ನು ಕಾಯಲೇ ಇಲ್ಲ. ಆನಂದಭೈರವಿಯಂಥದ್ದೊಂದನ್ನು ಎತ್ತಿಕೊಂಡು ಭಜನೆಯ ಗತ್ತಿನಲ್ಲಿ ಚಪ್ಪಾಳೆ ತಟ್ಟುತ್ತ ನಡೆದೇಬಿಟ್ಟರು. ಹುಡುಗ ಶ್ರುತಿ ಹುಡುಕುತ್ತ ಹಿಂದೆ ಓಡಿದ. ಆ ದಿನ ನನಗೆ ಬೇರೇನೂ ಸಿಗದಿದ್ದರೂ ಅದೊಂದು ಸಾಕಿತ್ತು.

ಎಲ್ಲರ ಮನಸ್ಸಿನಲ್ಲಿರುವ, ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳಿದೆ. ಹೊರಗಿನವರು ಬಂದರೆ ಸೇರಿಸಿಕೊಂಡುಬಿಡುತ್ತೀರಾ? ಮೇಷ್ಟ್ರು ನಕ್ಕರು. "ನಮ್ಮ ಹುಡುಗರನ್ನೇ ದೃಢೀಕರಣದ ತರಗತಿಗೆ ಕೂರಿಸೋಕೆ ಆಗ್ತಿಲ್ಲ. ಹೊರಗಿಂದ ಬಂದೋರನ್ನ ಅಟ್ಟದ ಮೇಲಿನ ಕಾಯಿ ಹಾಗೆ ವರ್ಷ ಇಡ್ತೀವಿ. ಅಲ್ಲಾಡಿಸಿ ನೋಡಿ, ನೀರು ಬತ್ತಿದೆ ಅಂದ್ರೆ ಮುಂದಿನ ಮಾತು." ಮಾತು ತಮಾಷೆಯದಾದರೂ ವಿಷಯ ನಿಜ. ಈ ಸಂಪ್ರದಾಯದಲ್ಲಿ ದೀಕ್ಷಾಸ್ನಾನ ಹೆಚ್ಚಾಗಿ ಮನೆಯ ಹಸುಗೂಸುಗಳಿಗೆ. ದೊಡ್ಡವರಿಗಾದರೆ ತಿಂಗಳುಗಟ್ಟಲೆ ಪಾಠ, ಸಭೆಯ ಎದುರು ಪ್ರಶ್ನೆ–ಉತ್ತರ. 2022ರ ರಾಜ್ಯದ ಕಾಯ್ದೆ, ಮತಾಂತರವಾಗುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತು. 2023ರಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಈ ಹಗ್ಗಜಗ್ಗಾಟದ ನಡುವೆ ಇಂಥ ಚಿಕ್ಕ ಸಭೆಗಳು ಕಲಿತದ್ದು ಗೇಟು ತೆರೆದಿಟ್ಟುಕೊಂಡೇ ದನಿ ತಗ್ಗಿಸುವುದನ್ನು. ಕ್ರಿಸ್ಮಸ್ ಹೊತ್ತಿನಲ್ಲಿ ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುವವರು ಈಗ ಸಭೆಯ ಮನೆಗಳಿಗಷ್ಟೇ ಹೋಗುತ್ತಾರಂತೆ. ಮೊದಲು ಪೇಟೆ ಬೀದಿಯ ಅಂಗಡಿಯವರೂ ಕರೆಸಿಕೊಂಡು ಹಾಡಿಸಿ, ಕಡಲೆಪುರಿ ಕೊಟ್ಟು ಕಳಿಸುತ್ತಿದ್ದರು.

ಹಾಗೆಂದು ಎಲ್ಲ ದೋಷವೂ ಹೊರಗಿನದೆಂದು ಬರೆದರೆ ಸುಳ್ಳಾಗುತ್ತದೆ. ಚಿಕ್ಕ ಸಭೆಯಲ್ಲಿ ಜಗಳವೂ ಹತ್ತಿರದ್ದು. ಕಮಿಟಿ ಚುನಾವಣೆಯ ಸಮಯದಲ್ಲಿ ಅಣ್ಣತಮ್ಮಂದಿರು ಎರಡು ಬೆಂಚು ಬಿಟ್ಟು ಕೂರುತ್ತಾರೆ. ಯಾರ ಅಜ್ಜ ಯಾವ ಕೇರಿಯಿಂದ ಬಂದವನೆಂಬುದನ್ನು ಮದುವೆ ಮಾತಿನ ಹೊತ್ತಿನಲ್ಲಿ ಯಾರೂ ಮರೆಯುವುದಿಲ್ಲ; ಒಂದೇ ಬಟ್ಟಲಿನಲ್ಲಿ ಕುಡಿಯುವವರೂ ಸಂಬಂಧಕ್ಕೆ ಬಂದಾಗ ಲೆಕ್ಕ ಹಾಕುತ್ತಾರೆ. ಓದಿದ ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಅಲ್ಲಿ ಅವರು ಪರದೆ ಮೇಲೆ ಹಾಡು ಮೂಡುವ, ಗಿಟಾರು–ಡ್ರಮ್ಮು ಇರುವ ಹೊಸ ಸಭೆಗಳಿಗೆ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಪುಸ್ತಕದ ಪುಟ ಹುಡುಕುತ್ತಾರೆ; ಆಗ ಅವರೂ ಹೊಸಬರೇ.

ಹೆಂಗಸರ ಸ್ಥಾನ ಕೇಳುವವರಿಗೆ: ದಕ್ಷಿಣ ಭಾರತ ಸಭೆ 1976ರಲ್ಲೇ ಮಹಿಳೆಯೊಬ್ಬರಿಗೆ ಪಾದ್ರಿ ಪಟ್ಟ ಕೊಟ್ಟಿತು, ಇಂಗ್ಲೆಂಡ್ ಚರ್ಚು ಕೊಟ್ಟದ್ದು 1994ರಲ್ಲಿ. ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು 2013ರಲ್ಲಿ ಆಂಧ್ರದ ನಂದ್ಯಾ‍ಲದಲ್ಲಿ ಪೀಠವೇರಿದರು. ಈ ನಂದ್ಯಾಲವೇ 1947ರಲ್ಲಿ ಐಕ್ಯಕ್ಕೆ ಒಪ್ಪದೆ ಆಂಗ್ಲಿಕನ್ನಾಗಿಯೇ ಉಳಿದು, 1975ರಲ್ಲಿ ಬಂದು ಸೇರಿದ ಪ್ರಾಂತ ಎಂಬುದು ಇತಿಹಾಸದ ಕುಚೋದ್ಯ. ನಾನು ಹೋದ ಊರಿನಲ್ಲಿ ಮಾತ್ರ ಇನ್ನೂ ಮಹಿಳೆಯೊಬ್ಬರು ಅಯ್ಯನವರಾಗಿ ಬಂದಿಲ್ಲ. ಬಂದರೆ ಏನೆಂದು ಕರೆಯುತ್ತೀರಿ ಎಂದೆ. ಹೆಂಗಸರ ಬೆಂಚಿನಿಂದ ತಟ್ಟನೆ ಉತ್ತರ ಬಂತು: "ಅಮ್ಮನೋರೇ ಅಂತೀವಿ. ಅವರ ಗಂಡನ್ನ ಏನನ್ನೋದು ಅಂತ ನೀವೇ ಯೋಚ್ನೆ ಮಾಡಿ."

ಯಾವಾಗ ಹೋಗಬೇಕು? ಕ್ರಿಸ್ಮಸ್ಸಿಗೆ ಬೇಡ, ನಿಲ್ಲಲು ಜಾಗವಿರುವುದಿಲ್ಲ, ಆರಾಧನೆಯಂತೂ ಕಾಣಿಸುವುದೇ ಇಲ್ಲ. ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಹೋಗಿ. ಲೋಕದ ಎಷ್ಟೋ ಚರ್ಚುಗಳು ಆ ದಿನ ಗರಿಗಾಗಿ ಪರದಾಡುತ್ತವೆ, ಚಳಿ ದೇಶಗಳಲ್ಲಿ ಬೇರೆ ಯಾವುದಾದರೂ ಗಿಡದ ಕೊಂಬೆ ಹಿಡಿದದ್ದೂ ಉಂಟು. ಇಲ್ಲಿ ಶನಿವಾರ ಸಂಜೆ ಒಬ್ಬ ಹುಡುಗ ಮರ ಹತ್ತಿ ಎಳೆಯ ಗರಿ ಇಳಿಸಿದರೆ ಸಾಕು. ತಿಳಿಹಳದಿ ಬಣ್ಣದ, ಇನ್ನೂ ಬಿಚ್ಚದ ಗರಿಯನ್ನು ಅಜ್ಜಿಯರು ಎರಡು ಮಡಿಕೆಯಲ್ಲಿ ಶಿಲುಬೆಯಾಗಿ ಕಟ್ಟುತ್ತಾರೆ. ಮಿಕ್ಕಿದ್ದರಲ್ಲಿ ಮಕ್ಕಳು ಪೀಪಿ, ಗಿಳಿ, ಕೈಗಡಿಯಾರ ಮಾಡಿಕೊಳ್ಳುತ್ತಾರೆ. ಗೇಟಿನಿಂದ ಬಾಗಿಲವರೆಗೆ ಮೆರವಣಿಗೆ. ಗರಿ ಕಡಿದರೆ ಮರಕ್ಕೆ ಪೆಟ್ಟೆಂದು ತೋಟದ ಯಜಮಾನರು ವರ್ಷವೂ ಗೊಣಗುವುದು, ವರ್ಷವೂ ಕೊಡುವುದು ಈ ಹಬ್ಬದ ಭಾಗವೇ ಆಗಿದೆ.

ಇನ್ನೊಂದು ಸುಗ್ಗಿ ಹಬ್ಬ. ತೆಂಗಿಗೆ ಒಂದು ಸುಗ್ಗಿ ಎಂಬುದಿಲ್ಲ, ಎರಡು ತಿಂಗಳಿಗೊಮ್ಮೆಯಂತೆ ವರ್ಷವಿಡೀ ಕಾಯಿ ಕೀಳುತ್ತಲೇ ಇರುತ್ತಾರೆ. ಆದರೂ ಹಬ್ಬಕ್ಕೊಂದು ದಿನ ಗೊತ್ತು ಮಾಡುತ್ತಾರೆ. ಆವತ್ತು ಬಲಿಪೀಠದ ಮುಂದೆ ತೆಂಗಿನ ಗೊನೆ, ರಾಗಿ ಚೀಲ, ಕುಂಬಳ, ಬಾಳೆ, ಕಾಲು ಕಟ್ಟಿದ ನಾಟಿ ಕೋಳಿ, ಒಬ್ಬರು ತಂದ ಕೇಕು, ಇನ್ನೊಬ್ಬರು ತಂದ ಪ್ಲಾಸ್ಟಿಕ್ ಕುರ್ಚಿ. ಆರಾಧನೆ ಮುಗಿದ ಮೇಲೆ ಹರಾಜು. ಅಯ್ಯನವರು ಹಾರೈಕೆ ಹೇಳಿ ಬದಿಗೆ ಸರಿಯುತ್ತಾರೆ, ಮಾರುಕಟ್ಟೆಯಲ್ಲಿ ಪಳಗಿದ ದನಿಯ ಒಬ್ಬರು ಮೇಜು ಹತ್ತುತ್ತಾರೆ. ಇಲ್ಲಿ ಬೆಲೆಗೂ ವಸ್ತುವಿಗೂ ಸಂಬಂಧವಿಲ್ಲ. ಒಂದು ಜೊತೆ ಕಾಯಿಯನ್ನು ಐನೂರಕ್ಕೆ ಕೂಗಿ, ಮತ್ತೆ ಸಭೆಗೇ ಕೊಟ್ಟು, ಇನ್ನೊಬ್ಬರು ಆರುನೂರಕ್ಕೆ ಹಿಡಿದು, ಅವರೂ ಕೊಟ್ಟು, ಕೊನೆಗೆ ಅದು ವಿಧವೆಯೊಬ್ಬರ ಚೀಲ ಸೇರುತ್ತದೆ. ಪಕ್ಕದ ಬೀದಿಯ ಕೊಬ್ಬರಿ ಮಂಡಿ ಯಜಮಾನರು, ಹಣೆ ತುಂಬ ವಿಭೂತಿ ಇಟ್ಟವರು, ಪ್ರತಿ ಸಲವೂ ಬಂದು ಹಿಂದೆ ನಿಂತು ಒಂದು ವಸ್ತುವನ್ನಾದರೂ ಕೂಗುತ್ತಾರಂತೆ. ಏನು ಕೂಗುತ್ತಾರೆ ಎಂದು ಕೇಳಿದೆ. "ಕೋಳಿ ಬಿಟ್ಟು ಬೇರೆ ಯಾವ್ದಾದ್ರೂ" ಎಂದರು ಮೇಷ್ಟ್ರು.

ಉಳಿದದ್ದು ಸಣ್ಣಪುಟ್ಟ ಮಾತು. ಉಡುಪಿಗೆ ಕಟ್ಟಳೆಯಿಲ್ಲ, ಆದರೆ ಇಸ್ತ್ರಿ ಮಾಡಿದ ಬಟ್ಟೆಯೇ ಭಾನುವಾರದ ಬಟ್ಟೆ. ಕಾಣಿಕೆ ಚೀಲ ಬಂದಾಗ ಹತ್ತು ರೂಪಾಯಿ ಹಾಕಿದರೂ ಸರಿ, ಮುಂದಕ್ಕೆ ದಾಟಿಸಿದರೂ ಸರಿ. ಫೋಟೊ ತೆಗೆಯುವ ಮೊದಲು ಕೇಳಿ. ಪ್ರಕಟಣೆಯ ಹೊತ್ತಿನಲ್ಲಿ ಹೊಸಬರು ಎದ್ದು ನಿಂತು ಹೆಸರು, ಊರು ಹೇಳಬೇಕಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ನಾಚಿಕೆ ಸ್ವಭಾವದವರಿಗೆ ಇಡೀ ಬೆಳಿಗ್ಗೆಯಲ್ಲಿ ಕಷ್ಟದ್ದು ಅದೊಂದೇ. ಮುಗಿದ ಮೇಲೆ ಬಾಗಿಲಲ್ಲಿ ಅಯ್ಯನವರ ಕೈ ಕುಲುಕಿ ಸೀದಾ ಹೊರಟುಬಿಡುತ್ತೇನೆ ಅಂದುಕೊಳ್ಳಬೇಡಿ. ಯಾರ ಮನೆಗೂ ಬಂದವರಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದೀರಲ್ಲ, ಆದ್ದರಿಂದ ಯಾರ ಮನೆಯಲ್ಲಿ ಊಟ ಎಂಬ ಪಂಚಾಯಿತಿ ನೀವು ಪ್ರಸಂಗ ಕೇಳುತ್ತಿದ್ದಾಗಲೇ ಹೆಂಗಸರ ಬೆಂಚಿನಲ್ಲಿ ತೀರ್ಮಾನವಾಗಿರುತ್ತದೆ. ಕೆ.ಬಿ. ಕ್ರಾಸಿಗೆ ಎರಡು ಗಂಟೆಯ ಬಸ್ಸು ಇದೆ ಎಂದು ನೆಪ ಹೇಳಿದರೆ, ಮೂರೂವರೆಗೂ ಒಂದಿದೆ ಅನ್ನುತ್ತಾರೆ.